ವಾಯುಪಡೆಯ ಒಂದೇ ಗೆಲುವು

ಭೂಪಟದ ಮೇಲೆ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕ ದೇಶವೊಂದು ಆಫ್ರಿಕಾದ ಬೆಟ್ಟಗಳ ನಡುವೆ ಇತ್ತು. ಅದನ್ನು ಆಳುತ್ತಿದ್ದ ಪರದೇಶದವರು ಹೊರಟುಹೋಗುವಾಗ ಒಂದು ಹಳೆಯ ವಿಮಾನವನ್ನು ಬಿಟ್ಟುಹೋದರು. ಒಂದೇ ಎಂಜಿನ್ನು, ಆರು ಸೀಟು. ಅದೇ ಆ ದೇಶದ ವಾಯುಪಡೆಯಾಯಿತು. ಅದನ್ನು ರಿಪೇರಿ ಮಾಡಲು ತುಮೆಲೊ ಎಂಬ ಇಪ್ಪತ್ತೆರಡರ ಯುವಕನನ್ನು ನೇಮಿಸಿದರು.

ವಿಮಾನ ಬೆಟ್ಟದ ಹಳ್ಳಿಗಳಿಗೆ ಔಷಧ, ಕಾಗದ, ಬಿತ್ತನೆ ಬೀಜ ಒಯ್ಯುತ್ತಿತ್ತು; ಬರುವಾಗ ದಿನ ತುಂಬಿದ ಬಸುರಿಯರನ್ನು ಪಟ್ಟಣದ ಆಸ್ಪತ್ರೆಗೆ ತರುತ್ತಿತ್ತು. ಇಬ್ಬರು ಮಕ್ಕಳು ಆಕಾಶದಲ್ಲೇ ಹುಟ್ಟಿದರು. ಬೆಟ್ಟದ ಜನ ಅದನ್ನು ಸೂಲಗಿತ್ತಿ ಎಂದು ಕರೆದರು. ಅವರು ದನ ಮೇಯುವ ಬಯಲನ್ನು ಸವರಿ, ಸುಣ್ಣದ ಗೆರೆ ಎಳೆದರೆ ಸಾಕು, ಸೂಲಗಿತ್ತಿ ಬಂದು ಇಳಿಯುತ್ತಿತ್ತು. ತುಮೆಲೊ ಅದರ ಸದ್ದು ಕೇಳಿಯೇ ಅದಕ್ಕೇನಾಗಿದೆ ಎಂದು ಹೇಳಬಲ್ಲವನಾಗಿದ್ದ.

ಹೀಗಿರುವಾಗ ಪಕ್ಕದ ದೇಶದ ಸೇನಾಪತಿ ಅತಿಥಿಯಾಗಿ ಬಂದ. ವಿಮಾನವನ್ನು ಸುತ್ತಿ ನೋಡಿ, "ಇದು ವಾಯುಪಡೆಯೋ ಹೆರಿಗೆ ವಾರ್ಡೋ?" ಎಂದು ನಕ್ಕ. ಆ ನಗು ದೇಶದ ಅಧ್ಯಕ್ಷರ ಎದೆಗೆ ನಾಟಿತು. ವರ್ಷ ಕಳೆಯುವುದರಲ್ಲಿ ಉತ್ತರದ ಒಂದು ದೊಡ್ಡ ದೇಶ ಸ್ನೇಹದ ಕಾಣಿಕೆಯೆಂದು ನಾಲ್ಕು ಯುದ್ಧವಿಮಾನಗಳನ್ನು ಕಳಿಸಿತು. ಅವುಗಳ ಜೊತೆ ಬಂದ ಪುಸ್ತಕಗಳ ಭಾಷೆ ದೇಶದಲ್ಲಿ ಯಾರಿಗೂ ಬರುತ್ತಿರಲಿಲ್ಲ. ತುಮೆಲೊ ಚಿತ್ರ ನೋಡಿ ನೋಡಿ ಕಲಿತ.

ಯುದ್ಧ ಮಾಡಲಾರದ ವಿಮಾನ ವಾಯುಪಡೆಗೆ ಶೋಭೆಯಲ್ಲ ಎಂಬ ಆಜ್ಞೆ ಬಂದಾಗ ಸೂಲಗಿತ್ತಿಯನ್ನು ಬಿಚ್ಚಿದವನೂ ಅವನೇ. ಅದರ ಎಂಜಿನ್ನನ್ನು ಅಧ್ಯಕ್ಷರ ಮನೆಯ ಹುಲ್ಲುಹಾಸಿಗೆ ನೀರೆತ್ತುವ ಪಂಪಿಗೆ ಜೋಡಿಸಿದರು. ತುಮೆಲೊ ಮರುಮಾತಾಡಲಿಲ್ಲ. ನಿಜ ಹೇಳಬೇಕೆಂದರೆ, ಹೊಸ ವಿಮಾನಗಳ ಮಿರುಗಿಗೆ ಅವನೂ ಮರುಳಾಗಿದ್ದ.

ಹೊಸ ವಿಮಾನಗಳು ಹುಲ್ಲಿನ ಮೇಲೆ ಇಳಿಯುವಂಥವಲ್ಲ. ದೇಶವೋ ಎಷ್ಟು ಚಿಕ್ಕದೆಂದರೆ, ಅವು ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಗಡಿ ಬಂದುಬಿಡುತ್ತಿತ್ತು. ಆದ್ದರಿಂದ ಸ್ವಾತಂತ್ರ್ಯದ ದಿನ ಮಾತ್ರ ಹಾರುತ್ತಿದ್ದವು. ಮುಂದೆ ಉತ್ತರದ ದೇಶದೊಂದಿಗೆ ಸ್ನೇಹ ಮುರಿದು ಬಿಡಿಭಾಗಗಳು ಬರುವುದು ನಿಂತಿತು. ತುಮೆಲೊ ಒಂದರ ಹೊಟ್ಟೆ ಬಗೆದು ಇನ್ನೊಂದರ ಹೊಟ್ಟೆ ತುಂಬಿಸಿದ. ಕೊನೆಗೆ ಹಾರಬಲ್ಲದ್ದು ಒಂದೇ ಉಳಿಯಿತು. ಮಿಕ್ಕ ಮೂರಕ್ಕೆ ವರ್ಷಕ್ಕೊಮ್ಮೆ ಬಣ್ಣ ಬಳಿದು ಸಾಲಾಗಿ ನಿಲ್ಲಿಸುತ್ತಿದ್ದರು, ಬಂದ ಅತಿಥಿಗಳು ನಾಲ್ಕು ಎಂದು ಎಣಿಸಲೆಂದು. ಆ ಒಂದೂ ಮೂರು ವರ್ಷದಿಂದ ಕೆಟ್ಟು ನಿಂತಿತ್ತು. ತುಮೆಲೊನ ತಲೆ ನರೆತಿತ್ತು.

ಆ ವರ್ಷ ಮಳೆಗೆ ಬೆಟ್ಟ ಕುಸಿದು ದಾರಿ ಮುಚ್ಚಿತು. ಮೇಲಿನ ಹಳ್ಳಿಗಳಲ್ಲಿ ವಾಂತಿಭೇದಿ ಹಬ್ಬಿದೆಯೆಂದು ಸಂತೆಯಲ್ಲಿ ಜನ ಗುಸುಗುಸು ಆಡಿಕೊಂಡರು. ರೇಡಿಯೊ ಮಾತ್ರ ದೇಶ ಆರೋಗ್ಯವಾಗಿದೆ ಎಂದಿತು. ತುಮೆಲೊ ಎರಡನ್ನೂ ಕೇಳಿದ, ಯಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ವಿಮಾನದೊಳಗಿನ ಎಣ್ಣೆ ಸೋರುವ ಜಾಗ ಅವನಿಗೆ ಆಗಷ್ಟೇ ಸಿಕ್ಕಿತ್ತು. ನಾಲ್ಕೇ ದಿನದಲ್ಲಿ ಅದನ್ನು ಮುಚ್ಚಿ ಎಂಜಿನ್ನು ಓಡಿಸಿ ನೋಡಿದ. ಅದು ಕೆಮ್ಮದೆ ಗರ್ಜಿಸಿತು. ಅವನ ಕಣ್ಣು ತುಂಬಿ ಬಂತು.

ಮಾರನೆಯ ದಿನ ಬೆಳಗ್ಗೆ ಸೈರನ್ನು ಕೂಗಿತು. ಗಡಿಯ ಕಡೆಯಿಂದ ಅನುಮತಿಯಿಲ್ಲದ ವಿಮಾನವೊಂದು ಒಳಬಂದಿತ್ತು. ವಿಮಾನಚಾಲಕ ಕ್ಯಾಪ್ಟನ್ ಲೆಬೋನಾ ಓಡುತ್ತ ಬಂದ.

"ಯಜಮಾನರೇ, ಹೊಡೆದುರುಳಿಸಲು ಅಪ್ಪಣೆಯಾಗಿದೆ. ನಮ್ಮದು ಹಾರುತ್ತದೆಯೇ?"

ಅಷ್ಟರಲ್ಲಿ ಆ ವಿಮಾನ ಮೋಡದ ಕೆಳಗೆ ಹಾದುಹೋಯಿತು. ತುಮೆಲೊ ಕಿವಿಗೊಟ್ಟ.

"ಅದು ಒಂಟಿ ಎಂಜಿನ್ನಿನ ಸಣ್ಣ ವಿಮಾನ, ಸಾಹೇಬರೇ. ಭಾರ ಹೊತ್ತಿದೆ, ಏದುಸಿರು ಬಿಡುತ್ತಿದೆ. ಬೆಟ್ಟದ ಕಡೆ ಹೊರಟಿದೆ."

"ಗೊತ್ತು," ಎಂದ ಲೆಬೋನಾ. ಅವನು ತುಮೆಲೊನ ಮುಖವನ್ನೇ ನೋಡುತ್ತಿದ್ದ. "ಆಗುವುದಿಲ್ಲ ಎಂದು ನೀವು ಹೇಳಿದರೆ, ಹಾಗೆಂದೇ ತಿಳಿಸುತ್ತೇನೆ. ಮೂರು ವರ್ಷದಿಂದ ಆಗಿಲ್ಲವಲ್ಲ. ಯಾರೂ ಕೇಳುವುದಿಲ್ಲ."

ಆ ಮಾತಿನ ಒಳಗಿದ್ದ ಬೇಡಿಕೆ ತುಮೆಲೊನಿಗೆ ಕೇಳಿಸದೆ ಹೋಗಲಿಲ್ಲ. ಆದರೆ ಎಷ್ಟೋ ವರ್ಷಗಳಿಂದ ಅವನನ್ನು ಯಾರು ಏನು ಕೇಳಿದರೂ "ಇನ್ನೂ ಆಗಿಲ್ಲ" ಎಂದು ತಲೆ ತಗ್ಗಿಸಿ ಅವನಿಗೆ ಸಾಕಾಗಿತ್ತು. ಇವತ್ತು ವಿಮಾನ ತಯಾರಿತ್ತು. ಅದನ್ನು ಸುಳ್ಳೆನ್ನಲು ಅವನ ನಾಲಿಗೆ ಹೊರಳಲಿಲ್ಲ.

"ತಯಾರಿದೆ," ಎಂದ.

ಲೆಬೋನಾ ಏಣಿ ಹತ್ತಿದ.

ಎಂಟು ನಿಮಿಷದಲ್ಲಿ ಎಲ್ಲ ಮುಗಿಯಿತು. ಯುದ್ಧವಿಮಾನ ಮರಳಿ ಬಂದು ಹಗುರವಾಗಿ ಇಳಿಯಿತು. ಅಷ್ಟು ಚೆನ್ನಾಗಿ ಅದು ಹಿಂದೆಂದೂ ಹಾರಿರಲಿಲ್ಲ. ಲೆಬೋನಾ ಬಹಳ ಹೊತ್ತು ಕೆಳಗಿಳಿಯಲಿಲ್ಲ. ತುಮೆಲೊ ಏಣಿ ಹತ್ತಿ ಗಾಜಿನ ಮುಚ್ಚಳ ತೆಗೆದ.

"ಅದು ತಪ್ಪಿಸಿಕೊಳ್ಳಲು ನೋಡಲೇ ಇಲ್ಲ," ಎಂದ ಲೆಬೋನಾ. "ನನ್ನನ್ನು ಕಂಡು ಕೈ ಬೀಸುವಂತೆ ರೆಕ್ಕೆ ಆಡಿಸಿತು. ದಾರಿ ತೋರಿಸಲು ಜೊತೆಗೆ ಬಂದಿದ್ದೇನೆ ಅಂದುಕೊಂಡಿತೋ ಏನೋ."

ಊರೆಲ್ಲ ನಗಾರಿ ಬಾರಿಸಿತು. ವಾಯುಪಡೆಯ ಮೊದಲ ಗೆಲುವೆಂದು ರೇಡಿಯೊ ದಿನವಿಡೀ ಸಾರಿತು. ಅವಶೇಷಗಳು ಬಿದ್ದ ಕಮರಿಗೆ ಯಾರೂ ಇಳಿಯಕೂಡದೆಂದು ಅಧ್ಯಕ್ಷರು ಕಾವಲು ಹಾಕಿಸಿದರು. ಲೆಬೋನಾ ಕಾಯಿಲೆಯೆಂದು ರಜೆ ಬರೆದುಕೊಟ್ಟು ತನ್ನೂರಿಗೆ ಹೋದವನು ಮರಳಲಿಲ್ಲ. ತುಮೆಲೊನ ಎದೆಗೆ ಪದಕ ಚುಚ್ಚಿದರು. ಅವನು ಪದಕದ ಮೇಲೆ ಕೋಟು ಮುಚ್ಚಿಕೊಂಡು ಓಡಾಡಿದ. ಹೆಂಡತಿ ಕಾರಣ ಕೇಳಿದರೆ "ಚಳಿ" ಎನ್ನುತ್ತಿದ್ದ.

ಒಂದು ತಿಂಗಳ ಮೇಲೆ ಕುಸಿದ ದಾರಿ ತೆರೆಯಿತು. ಬೆಟ್ಟದಿಂದ ಮೊದಲು ಇಳಿದುಬಂದವಳು ಮಾಸೆಲ್ಲೊ ಎಂಬ ಮುದುಕಿ. ಮೂರು ದಿನ ನಡೆದು, ದಾರಿ ಕೇಳುತ್ತ ವಿಮಾನದ ಕೊಟ್ಟಿಗೆಗೆ ಬಂದಳು. ಬಟ್ಟೆಯಲ್ಲಿ ಜೋಳದ ರೊಟ್ಟಿ ಕಟ್ಟಿ ತಂದಿದ್ದಳು.

"ಆ ಯುದ್ಧದ ವಿಮಾನ ಸರಿ ಮಾಡಿದವನು ನೀನೇ ಅಂತಲ್ಲ, ಮಗಾ?"

"ನಾನೇ, ಅವ್ವಾ."

"ರೋಗಕ್ಕೆ ನಮ್ಮೂರಲ್ಲಿ ಹತ್ತೊಂಬತ್ತು ಜನ ಹೋದರು. ನನ್ನ ಸೊಸೆಯೂ ಹೋದಳು. ಗಡಿಯಾಚೆಯ ಡಾಕ್ಟರಮ್ಮ ವಿಮಾನದಲ್ಲಿ ಔಷಧ ತರುತ್ತೇನೆ ಅಂತ ಹೇಳಿ ಕಳಿಸಿದ್ದಳು. ನಾವು ಬಯಲು ಸವರಿ, ಸುಣ್ಣ ಎಳೆದು ಕಾದೆವು. ಅದು ಬರಲೇ ಇಲ್ಲ."

ತುಮೆಲೊ ಹತ್ತಿರವಿದ್ದ ಪೆಟ್ಟಿಗೆಯ ಮೇಲೆ ಕುಳಿತ.

"ಯಾಕೆ ಬರಲಿಲ್ಲ ಅಂತ ಆಮೇಲೆ ಗೊತ್ತಾಯಿತು," ಎಂದಳು ಮುದುಕಿ. "ಅವತ್ತು ಶತ್ರು ವಿಮಾನ ಬಂದಿತ್ತು ಅಂತ ರೇಡಿಯೊ ಹೇಳಿತಲ್ಲ, ಅದೇ ಆ ತಾಯಿಯನ್ನು ದಾರಿಯಲ್ಲಿ ಕೊಂದಿರಬೇಕು ಅಂತ ನಮ್ಮ ಹಿರಿಯರು ಹೇಳುತ್ತಾರೆ. ನೀವು ಅದನ್ನು ಬಿಡಲಿಲ್ಲ, ಹೊಡೆದು ಹಾಕಿದಿರಿ. ಊರಿನವರೆಲ್ಲ ನಿನಗೆ ಕೈಮುಗಿದು ಬಾ ಅಂತ ನನ್ನನ್ನು ಕಳಿಸಿದ್ದಾರೆ. ನಿಜ ತಾನೇ, ಮಗಾ? ಹಾಗೆಯೇ ಆಗಿದ್ದಲ್ಲವೇ?"

ಅವಳ ಮುಖದಲ್ಲಿ ತಿಂಗಳಿಡೀ ಅತ್ತ ಗುರುತು ಇತ್ತು. ಈಗ ಅಲ್ಲಿ ಒಂದಿಷ್ಟು ಸಮಾಧಾನವೂ ಇತ್ತು.

"ಹೌದು, ಅವ್ವಾ," ಎಂದ ತುಮೆಲೊ.

ಮುದುಕಿ ಅವನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.