ಸೋಮವಾರದವಳಿಗೆ ಒಂದು ಗಾಡಿ

ಕಮ್ಫಾನನಿಗೆ ಡೀಸೆಲ್ ಇಂಜಿನ್ನಿನ ವಿಷಯದಲ್ಲಿ ಟೋಪಿ ಹಾಕುವವನು ರೋಯಿ‌ಎಟ್ ಸೀಮೆಯಲ್ಲೇ ಇನ್ನೂ ಹುಟ್ಟಿರಲಿಲ್ಲ. ಹಳೆಯ ಪಿಕಪ್ ಮಾರುವ ಅಂಗಡಿಗೆ ಅವನು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದ. ಗಿರಾಕಿ ಬರುವ ಮುಂಚೆ ಇಂಜಿನ್ ಬಿಸಿ ಮಾಡಿಟ್ಟು, ತಣ್ಣಗಿದ್ದಾಗ ಅದು ಪಡುವ ಒದ್ದಾಟವನ್ನು ಮುಚ್ಚಿಡುವ ಜನ ಎಲ್ಲೆಲ್ಲೂ ಇದ್ದಾರೆ. ಕಣ್ಣಿಗೆ ಬಿದ್ದ ಒಂದು ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡ. ಕಾಲಡಿಯ ಮ್ಯಾಟ್ ಎತ್ತಿ, ಪ್ರವಾಹದಲ್ಲಿ ಮುಳುಗಿದ ಗಾಡಿಯ ಕೆಸರು ವಾಸನೆ ಇದೆಯೇ ಎಂದು ಮೂಸಿದ. ಚಾಲೂ ಮಾಡಿಸಿ ಹೊಗೆ ನೋಡಿದ, ಕಣ್ಣು ಮುಚ್ಚಿ ಸದ್ದು ಕೇಳಿದ. ಒಂದೇ ಸಲಕ್ಕೆ ಎದ್ದು, ಹದವಾಗಿ ಗುಡುಗುಟ್ಟುತ್ತಿದ್ದ ಆ ಗಾಡಿಯ ಮೇಲೆ ಅವನಿಗೆ ಅಲ್ಲೇ ಮನಸ್ಸು ಬಿತ್ತು.

ಉಳಿದದ್ದು ಬಣ್ಣ ಮಾತ್ರ. ಅಲ್ಲೇ ಇದ್ದದ್ದು ತೊಡಕು.

ಕಮ್ಫಾನನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಇದನ್ನು ಅವನು ಯಾರಿಗೂ ಹೇಳಿದವನಲ್ಲ. ಚಿಕ್ಕಂದಿನಲ್ಲಿ ಕೆಂಪು ದನ ಅಟ್ಟಿಕೊಂಡು ಬಾ ಎಂದಾಗ ತಬ್ಬಿಬ್ಬಾಗಿ ಊರಿಗೆಲ್ಲ ನಗೆಪಾಟಲಾಗಿದ್ದ. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ. ಮದುವೆಯಾಗಿ ಮೂವತ್ತು ವರ್ಷವಾದರೂ ಹೆಂಡತಿ ಸೈಬುವಾಳಿಗೂ ಗೊತ್ತಿರಲಿಲ್ಲ. ಹಣ್ಣು ಮೆಣಸಿನಕಾಯಿ ಕಿತ್ತುಕೊಂಡು ಬಾ ಎಂದು ಅವಳು ಹೇಳಿದಾಗಲೆಲ್ಲ ಅವನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಶುದ್ಧ ಸೋಮಾರಿ ಎಂದು ಅವಳು ಬೈಯುತ್ತಿದ್ದಳು. ಸೋಮಾರಿ ಎನ್ನಿಸಿಕೊಳ್ಳುವುದೇ ಅವನಿಗೆ ವಾಸಿ ಅನ್ನಿಸಿತ್ತು.

ಗಾಡಿ ಬೇಕಾಗಿದ್ದದ್ದೇ ಅವಳಿಗಾಗಿ. ಸುಟ್ಟ ಕೋಳಿಯನ್ನೂ ಅಂಟುಅಕ್ಕಿಯ ಅನ್ನವನ್ನೂ ಹೊತ್ತು ಅವಳು ದಿನಕ್ಕೊಂದು ಊರಿನ ಸಂತೆಗೆ ಹೋಗುತ್ತಿದ್ದಳು. ಹಿಂದೊಮ್ಮೆ ಕೆಂಪು ಮೋಟಾರ್ ಸೈಕಲ್ಲಿನಿಂದ ಗದ್ದೆಯ ಕಾಲುವೆಗೆ ಬಿದ್ದು ಮಂಡಿ ಮುರಿದುಕೊಂಡಿದ್ದಳು. ಸೋಮವಾರ ಹುಟ್ಟಿದವಳು ಅವಳು; ಹುಟ್ಟಿದ ವಾರಕ್ಕೊಂದು ಅಪಶಕುನದ ಬಣ್ಣವಿರುವ ಆ ಸೀಮೆಯಲ್ಲಿ ಸೋಮವಾರದವರಿಗೆ ಕೆಂಪು ಆಗಿಬರುವುದಿಲ್ಲ. ಹಾಗಾಗಿ ಗಂಡ ಹೊರಟಾಗ ಅವಳು ಹೇಳಿದ್ದು ಒಂದೇ ಮಾತು: ಯಾವುದಾದರೂ ತಾ, ಕೆಂಪು ಮಾತ್ರ ಬೇಡ.

ಇಂಥ ಸಂಕಟಕ್ಕೆ ಕಮ್ಫಾನನ ಹತ್ತಿರ ಹಳೆಯ ಉಪಾಯವೊಂದಿತ್ತು. ತಾನೇ ಒಂದು ಬಣ್ಣ ಹೇಳಿ ಎದುರಿನವರ ಮುಖ ನೋಡುವುದು.

“ಹಸಿರು ಚೆನ್ನಾಗಿದೆ,” ಎಂದ.

ಅಂಗಡಿಯವನು ಗಾಡಿಯನ್ನು ನೋಡಿದ, ಮುದುಕನನ್ನು ನೋಡಿದ. ಗಾಡಿ ಕೆಂಪಗಿತ್ತು. ಅನುಮಾನಕ್ಕೆ ಎಡೆಯಿಲ್ಲದ, ಮೈಲಿ ದೂರಕ್ಕೆ ಕಾಣುವ ಕೆಂಪು. ಆದರೆ ಅವನು ಹೊಸಬನಲ್ಲ. ತಾವು ಹುಟ್ಟಿದ ವಾರಕ್ಕೆ ಗಾಡಿಯ ಬಣ್ಣ ಹೊಂದದಿದ್ದರೆ ಜನ ಹಿಂದುಗಡೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ: ‘ಈ ಗಾಡಿಯ ಬಣ್ಣ ಹಳದಿ’, ‘ಈ ಗಾಡಿಯ ಬಣ್ಣ ಬಿಳಿ’. ಗ್ರಹಚಾರ ಓದಿ ಮೋಸಹೋಗಿ ಮುಂದಕ್ಕೆ ಹೋಗುತ್ತದೆ. ಇನ್ನೂ ಹುಷಾರಿನವರು ನಿಜವಾದ ಬಣ್ಣವನ್ನು ಅಂಗಡಿಯಲ್ಲೂ ಬಾಯಿಗೆ ತರುವುದಿಲ್ಲ. ಎದುರಿನವರೂ ತರಬಾರದು, ಅದು ಮರ್ಯಾದೆ. ಈ ಮುದುಕ ಅಂಥ ಹುಷಾರಿನವನೇ ಎಂದು ತಿಳಿದು ಅಂಗಡಿಯವನು ಕೈ ಮುಗಿದ.

“ಹೌದು ದೊಡ್ಡಪ್ಪ. ಹಸಿರೇ. ಇನ್ನೇನು ಮತ್ತೆ.”

ವ್ಯಾಪಾರ ಮುಗಿಯಿತು. ಹೆಸರು ಬದಲಾಯಿಸಲು ಗಾಡಿಯ ನೋಂದಣಿ ಪುಸ್ತಕ ಅಂಗಡಿಯಲ್ಲೇ ಉಳಿಯಿತು. ಕಮ್ಫಾನ ರಾಜನ ಹಾಗೆ ಊರು ಹೊಕ್ಕ. ಹಸಿರು ಗಾಡಿ ತಂದೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಅವರೂ ಅವನ ಜಾಣತನ ಮೆಚ್ಚಿ, ಭಲೇ ಹಸಿರು ಎಂದು ತಲೆಯಾಡಿಸಿದರು.

ಸೈಬುವಾ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಕೂತು ಕೆಂಡಕ್ಕೆ ಗಾಳಿ ಹಾಕುತ್ತಿದ್ದಳು. ಗಾಡಿ ಕಂಡದ್ದೇ ಬೀಸಣಿಗೆ ನಿಂತಿತು.

“ಸುದಾ ಅಪ್ಪ, ನಾನು ಏನು ಹೇಳಿ ಕಳಿಸಿದ್ದೆ?” ಎಂದಳು. ಸುದಾ ಅವರ ಮಗಳು. ಅವಳು ಮದುವೆಯಾಗಿ ಹೋದ ಮೇಲೂ ಗಂಡಹೆಂಡಿರ ಬಾಯಲ್ಲಿ ಅವಳ ಹೆಸರೇ.

“ಅದಕ್ಕೇ ಹಸಿರು ತಂದೆ. ಅಲ್ಲಿ ತಂತಿ ಮೇಲೆ ನಿನ್ನ ಪಾಸಿನ್ ಒಣಗ್ತಾ ಇದೆಯಲ್ಲ, ನೋಡು, ಅದೇ ಬಣ್ಣ ಸಿಗೋವರೆಗೂ ಬಿಡಲಿಲ್ಲ.”

ಅವಳು ಸೊಂಟಕ್ಕೆ ಸುತ್ತುವ ಆ ಬಟ್ಟೆ ಬಾಳೆಯೆಲೆಯಷ್ಟು ಹಸಿರಾಗಿತ್ತು. ಸೈಬುವಾ ಬಟ್ಟೆ ನೋಡಿದಳು, ಗಾಡಿ ನೋಡಿದಳು. ಆಮೇಲೆ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಅದರಲ್ಲಿ ಹೆಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ. ಬೈಗುಳಕ್ಕೆ ತೆರೆದ ಬಾಯಿ ಹಾಗೇ ಮುಚ್ಚಿತು.

“ಚೆನ್ನಾಗಿದೆ,” ಎಂದಳು. “ಕೈಕಾಲು ತೊಳ್ಕೊಂಡು ಬಾ, ಅನ್ನ ಆರಿಹೋಗತ್ತೆ.”

ಅವಳಿಗೆ ಗಾಡಿ ಹಿಡಿಸಲಿಲ್ಲ ಎಂದು ಕಮ್ಫಾನನಿಗೆ ಬೇಜಾರಾಯಿತು. ಸಂತೆಗೆ ಹೊರಟಾಗಲೆಲ್ಲ ಅವಳು ಕೊರಳ ತಾಯಿತವನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಇಳಿಯುವವರೆಗೂ ಏನೋ ಗುನುಗುತ್ತಿದ್ದಳು. ವೇಗಕ್ಕೆ ಹೆದರುತ್ತಾಳೆ ಎಂದುಕೊಂಡು ಅವನು ಸೈಕಲ್ಲಿನವರು ಹಿಂದೆ ಹಾಕಿ ಹೋಗುವಷ್ಟು ನಿಧಾನ ಮಾಡಿದ. ಆದರೂ ಮುಷ್ಟಿ ಸಡಿಲಾಗಲಿಲ್ಲ. ವಿಚಿತ್ರವೆಂದರೆ, ಮೆಣಸಿನಕಾಯಿ ಕಿತ್ತು ತಾ ಎಂದು ಅವಳು ಹೇಳುವುದು ನಿಂತುಹೋಗಿತ್ತು. ಮುರಿದ ಮಂಡಿ ಎಳೆದುಕೊಂಡು ತಾನೇ ಹೋಗಿ ಕೀಳುತ್ತಿದ್ದಳು, ಸೋಮಾರಿ ಎಂದು ಬೈಯದೆಯೇ. ಅವಳ ಬೈಗುಳವಿಲ್ಲದೆ ಅವನಿಗೆ ಮನೆ ಬಿಕೋ ಎನ್ನಿಸಿತು.

ಗಾಡಿಗೆ ಆಶೀರ್ವಾದ ಮಾಡಿಸಿದರೆ ಸರಿಹೋದೀತೆಂದು ಅವಳನ್ನು ಕೂರಿಸಿಕೊಂಡು ಊರಿನ ಬೌದ್ಧ ವಿಹಾರಕ್ಕೆ ಹೋದ. ವಯಸ್ಸಾದ ಗುರುಗಳು ಬಿಳಿಯ ಗಂಧದ ಬಟ್ಟಲು ಹಿಡಿದು ಗಾಡಿಯನ್ನು ಒಂದು ಸುತ್ತು ಬಂದರು. ಹಿಂದುಗಡೆ ನಿಂತು ಏನನ್ನೋ ಹುಡುಕಿದರು, ಸಿಗಲಿಲ್ಲ.

“ಸೈಬುವಾ, ಇದರಲ್ಲಿ ದಿನಾ ಓಡಾಡೋಳು ನೀನೇ ಅಲ್ವಾ? ನಿಂದು ಯಾವ ವಾರ?”

ಸೈಬುವಾ ಕೈ ಮುಗಿದು ತಲೆ ತಗ್ಗಿಸಿದಳು.

“ಶುಕ್ರವಾರ, ಗುರುಗಳೇ.”

ಕಮ್ಫಾನ ತಟ್ಟನೆ ತಿರುಗಿ ನೋಡಿದ. ಅದೇ ಅಂಗಳದಲ್ಲಿ ವಾರಕ್ಕೊಂದರಂತೆ ಬುದ್ಧನ ಮೂರ್ತಿಗಳು ಸಾಲಾಗಿದ್ದವು. ಮದುವೆಯಾದಂದಿನಿಂದ ಅವಳು ಹೂವಿಡುತ್ತಿದ್ದದ್ದು ಸೋಮವಾರದ ಮೂರ್ತಿಗೇ. ವ್ರತದ ದಿನ ಸೊಳ್ಳೆಯನ್ನೂ ಹೊಡೆಯದ ಹೆಂಗಸು ಇವಳು. ಕಾವಿ ಬಟ್ಟೆಯ ಮುಂದೆ ಕೈ ಮುಗಿದುಕೊಂಡೇ ಸುಳ್ಳು ಹೇಳುತ್ತಿದ್ದಾಳೆ. ಏಕೆ? ಸೋಮವಾರದವಳಿಗೆ ಆಗದ ಬಣ್ಣ ಇರುವುದೇ ಒಂದು.

ಅವನಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಮುಷ್ಟಿಯೊಳಗಿನ ತಾಯಿತ, ಮುಚ್ಚಿದ ಕಣ್ಣು, ಬೈಯದೆ ಕಿತ್ತ ಮೆಣಸಿನಕಾಯಿ. ಸ್ಟಿಕ್ಕರ್ ಅಂಟಿಸಿದ್ದರೆ ಅವಳ ಭಯ ಆ ದಿನವೇ ಕಳೆಯುತ್ತಿತ್ತು. ಆದರೆ ಹಸಿರು ಎಂದು ಅಂಟಿಸುವುದು ಹಸಿರಲ್ಲದ ಗಾಡಿಗೇ ಎಂಬುದು ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು; ಅಂಟಿಸಿದರೆ ಅವನ ಗುಟ್ಟು ಬಯಲಾಗುತ್ತಿತ್ತು. ಅವನ ಮಾನ ಉಳಿಸಲು ಅವಳು ದಿನವೂ ಜೀವ ಕೈಯಲ್ಲಿ ಹಿಡಿದು ಕೆಂಪು ಗಾಡಿಯಲ್ಲಿ ಕೂತಿದ್ದಳು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಲ್ಲೇ ಎಲ್ಲರೆದುರು ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಗುರುಗಳು ಸೋಮವಾರದ ಮೂರ್ತಿಯತ್ತ ಒಮ್ಮೆ, ಕಮ್ಫಾನನತ್ತ ಒಮ್ಮೆ ನೋಡಿ, ಮತ್ತೇನೂ ಕೇಳದೆ ಗಂಧದ ಬೊಟ್ಟುಗಳನ್ನಿಟ್ಟರು.

ವಾಪಸು ಬರುವಾಗ ಚಕ್ರಕ್ಕೆ ಗಾಳಿ ಹಾಕಿಸಬೇಕೆಂದು ಕಮ್ಫಾನ ಕೂಡುರಸ್ತೆಯ ಅಂಗಡಿಯ ಹತ್ತಿರ ನಿಲ್ಲಿಸಿದ. ಅಂಗಡಿಯೊಳಗಿಂದ ಏನೋ ಕೊಂಡು ತಂದು, ಗಾಡಿಯ ಹಿಂದೆ ಹೋಗಿ ಸ್ವಲ್ಪ ಹೊತ್ತು ತೀಡಿದ. ಆಮೇಲೆ ಅವಳನ್ನು ಇಳಿಸಿ ಕರೆದುಕೊಂಡು ಹೋಗಿ ತೋರಿಸಿದ. ಸ್ಟಿಕ್ಕರಿನ ಒಂದು ಮೂಲೆ ಸೊಟ್ಟಗಾಗಿದ್ದರೂ ಅಕ್ಷರಗಳು ದಪ್ಪಗಿದ್ದವು: ‘ಈ ಗಾಡಿಯ ಬಣ್ಣ ಹಸಿರು.’

ಸೈಬುವಾ ಓದಿದಳು. ಇನ್ನೊಮ್ಮೆ ಓದಿ ಅಂಗೈಯಿಂದ ಕಣ್ಣೊರೆಸಿಕೊಂಡಳು.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?” ಎಂದ.

“ನೀನು ಮೂವತ್ತು ವರ್ಷ ಯಾಕೆ ಹೇಳಲಿಲ್ಲ?”

ಕಮ್ಫಾನ ಸೊಟ್ಟಗಾದ ಮೂಲೆಯನ್ನು ಇನ್ನೊಮ್ಮೆ ತೀಡಿದ. “ಗುರುಗಳ ಮುಂದೆ ಸುಳ್ಳು ಹೇಳಿಬಿಟ್ಟೆಯಲ್ಲ, ಸುದಾ ಅಮ್ಮ. ಪಾಪ ಸುತ್ಕೊಳಲ್ವಾ?”

“ಅರ್ಧ ನಿನ್ನ ತಲೆಗೆ. ಇಬ್ಬರೂ ಸೇರಿ ಹೊತ್ತರೆ ಅಷ್ಟೇನೂ ಭಾರ ಆಗಲ್ಲ. ಸೋಮಾರಿ.”

ಎಷ್ಟೋ ದಿನದ ಮೇಲೆ ಆ ಬೈಗುಳ ಕೇಳಿ ಕಮ್ಫಾನ ನಕ್ಕುಬಿಟ್ಟ.

“ಇನ್ನು ಮೇಲೆ ಬಣ್ಣ ಗೊತ್ತಾಗದೇ ಹೋದರೆ ನಿನ್ನನ್ನೇ ಕೇಳ್ತೀನಿ,” ಎಂದ. “ಈಗಲೇ ಕೇಳ್ತೀನಿ. ನಿಜ ಹೇಳು, ಈ ಗಾಡಿ ಯಾವ ಬಣ್ಣ?”

ಮೂವತ್ತು ವರ್ಷದಲ್ಲಿ ಅವನು ಅವಳನ್ನು ಕೇಳಿದ ಮೊದಲ ಬಣ್ಣ ಅದು. ನಿಜ ಅವಳ ನಾಲಿಗೆಯ ತುದಿಗೆ ಬಂತು. ಗ್ರಹಚಾರ ಎಲ್ಲಿ ಕಿವಿಗೊಟ್ಟು ನಿಂತಿದೆಯೋ ಎಂದು ಅತ್ತಿತ್ತ ನೋಡಿ, ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಸೈಬುವಾ ಹೇಳಿದಳು.

“ಹಸಿರು.”