ಅವ್ವ ಓದುತ್ತಿದ್ದ ಪುಸ್ತಕ

ರಿಕ್ಷಾದಿಂದ ಇಳಿದ ಅಪ್ಪನ ಕಂಕುಳಲ್ಲಿ ಕೆಂಪು ವಸ್ತ್ರದ ಗಂಟು ಕಂಡದ್ದೇ ತಡ, ಕುಸುಮ ಮೆಟ್ಟಿಲಿಳಿದು ಎದುರಿಗೆ ಬಂದಳು.

"ಮರತು ಬಂದಿದ್ದಿ ನೋಡು," ಎಂದರು ರಾಮಲಿಂಗಪ್ಪ, ಸಭಾಂಗಣದ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ. "ನಿಮ್ಮವ್ವನ ಕಾರ್ಯಕ್ರಮದಾಗ ಆಕಿ ಪುರಾಣದ ಪುಸ್ತಕನ ಇಲ್ಲಂದ್ರ ಹ್ಯಾಂಗ? ಅಕ್ಕಿ ಡಬ್ಬಿ ಹಿಂದ ಯಾರ ಇಟ್ಟಿದ್ದರೋ ಏನೋ."

ಇಟ್ಟವಳು ಅವಳೇ. ಬೆಳಿಗ್ಗೆ ಸದಾಶಿವ ಪೇಠದ ಅಪ್ಪನ ಮನೆಗೆ ಹೋಗಿ, ದೇವರ ಮಾಡದಿಂದ ಅದನ್ನು ತೆಗೆದು ಬಚ್ಚಿಟ್ಟು ಬಂದಿದ್ದಳು.

ಅವ್ವ, ರುದ್ರವ್ವ, ತೀರಿಕೊಂಡು ವರ್ಷವಾಗಿತ್ತು. ಅವ್ವನ ಹೆಸರಿನಲ್ಲಿ ಭೋಸರಿಯ ಕೂಲಿಕಾರರ ಮಕ್ಕಳಿಗೆ ಓದು ಕಲಿಸಬೇಕೆಂದು ಕುಸುಮ ತಾನಿರುವ ನಿಗಡಿಯಿಂದ ಹಿಡಿದು ಪುಣೆಯ ಕನ್ನಡಿಗರ ಮನೆ ಮನೆ ಹತ್ತಿ ಇಳಿದಿದ್ದಳು. ಒಂದು ತಗಡಿನ ಶೆಡ್ಡು ಸಿಕ್ಕಿತ್ತು. ಕಲಿಸುವವಳೂ ಸಿಕ್ಕಿದ್ದಳು. ಅವಳ ಸಂಬಳಕ್ಕೆ ಇವತ್ತಿನ ಸಭೆಯೇ ಆಧಾರ. ಕನ್ನಡ ಸಂಘದ ಕಾರ್ಯದರ್ಶಿ, ಬಟ್ಟೆ ಅಂಗಡಿಯ ಬಸವಪ್ರಭು, ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: 'ಪ್ರತಿ ಶ್ರಾವಣವೂ ನಮಗೆ ಪುರಾಣ ಓದಿದ ತಾಯಿಯ ನೆನಪಿಗೆ.' ಜನ ಕೈ ಬಿಚ್ಚುತ್ತಿದ್ದದ್ದು ಆ ಓದಿನ ನೆನಪಿಗೆ.

ಅವ್ವನಿಗೆ ಓದು ಬರುತ್ತಿರಲಿಲ್ಲ.

ಅದು ತನಗೊಬ್ಬಳಿಗೇ ಗೊತ್ತೆಂದು ಕುಸುಮ ತಿಳಿದಿದ್ದಳು. ಅವಳಿಗೆ ಹನ್ನೆರಡು ವರ್ಷವಿದ್ದಾಗ ಆ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆಗಳು ಉದುರತೊಡಗಿದವೆಂದು ಅಪ್ಪ ಬೈಂಡಿಂಗಿಗೆ ಕೊಟ್ಟಿದ್ದರು. ಪುಟದ ಅಂಕಿಗಳಿದ್ದ ಅಂಚನ್ನು ಹುಳು ತಿಂದಿತ್ತು. ಬೈಂಡರ್ ಮರಾಠಿಯವನು. ಹಾಳೆಗಳನ್ನು ಕೈಗೆ ಬಂದಂತೆ ಜೋಡಿಸಿ, ಚಂದದ ರಟ್ಟು ಹಾಕಿ ಕೊಟ್ಟಿದ್ದ. ಆ ಶ್ರಾವಣದಲ್ಲಿ ಅವ್ವನ ಹೆಗಲಿಗೆ ಗದ್ದ ಊರಿ ಕುಳಿತಿದ್ದ ಕುಸುಮ, ಸಾಲಿನ ಮೇಲೆ ಕಣ್ಣಾಡಿಸುತ್ತಿದ್ದಳು. ಅವ್ವನ ಬಾಯಲ್ಲಿ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಹೊಳೆ ದಾಟುತ್ತಿದ್ದಳು. ಹಾಳೆಯಲ್ಲಿ ಅಡುಗೆಯವನು ಒಲೆ ಊದುತ್ತಿದ್ದ.

"ಅವ್ವಾ, ಇಲ್ಲೆ ಬ್ಯಾರೇನ ಅದ..."

ಅವ್ವ ಸೆರಗಿನ ಮರೆಯಲ್ಲಿ ಅವಳ ತೊಡೆ ಚಿವುಟಿದಳು. ದನಿ ಮಾತ್ರ ಎಲ್ಲೂ ಕದಲಲಿಲ್ಲ. ಎದುರಿಗೆ ಕೈ ಮುಗಿದು ಕುಳಿತ ಹೆಂಗಸರಿಗೆ ಏನೂ ತಿಳಿಯಲಿಲ್ಲ.

ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವ್ವ ಪಿಸುಗುಟ್ಟಿದಳು. "ನಮ್ಮಪ್ಪ ಓದೂದು ಕೇಳಿ ಕೇಳಿ ಬಾಯಿಗೆ ಬಂದದ್ದವಾ ಅದು. ಯಾರ ಮುಂದೂ ಅನಬ್ಯಾಡ. ನಿಮ್ಮಪ್ಪನ ಮುಂದಂತೂ ಬ್ಯಾಡನ ಬ್ಯಾಡ."

ದೊಡ್ಡವರು ಹಾಗೆ ಹೆದರಿದ್ದನ್ನು ಕುಸುಮ ಅಲ್ಲಿಯವರೆಗೆ ನೋಡಿರಲಿಲ್ಲ. ಆ ಹೆದರಿಕೆ ಅವತ್ತೇ ಅವಳೊಳಗೂ ಸೇರಿಕೊಂಡಿತು. ಅವ್ವ ಯಾಕೆ ಒಬ್ಬಳೇ ಬಸ್ಸು ಹತ್ತುವುದಿಲ್ಲ, ಲಗ್ನಪತ್ರಿಕೆ ಬಂದಾಗಲೆಲ್ಲ ಯಾಕೆ ಚಾಳೀಸು ಕಳೆದುಹೋಗುತ್ತದೆ ಎಂದು ಆಮೇಲೆ ಅವಳು ಯಾವತ್ತೂ ಕೇಳಲಿಲ್ಲ.

ಭಾಷಣ ಶುರುವಾಗುವ ಮೊದಲೇ ಮುಂದಿನ ಸಾಲಿನಿಂದ ಪಾರವ್ವ ಕೂಗಿದಳು. ಸದಾಶಿವ ಪೇಠದ ವಾಡೆಯಲ್ಲಿ ಅವ್ವನ ನೆರೆಮನೆಯ ಮುದುಕಿ. "ಬಸವಪ್ರಭು, ನಿನ್ನ ಭಾಷಣ ಕೇಳಾಕ ಬಂದಿಲ್ಲಪಾ ನಾವು. ರುದ್ರಕ್ಕನ ಪುಸ್ತಕದಾಗಿಂದು ಒಂದೀಟು ಓದಸು."

ಎಲ್ಲರೂ ನಕ್ಕರು. ಕುಸುಮ ಏಳುವಷ್ಟರಲ್ಲಿ ಬಸವಪ್ರಭು ಅಪ್ಪನ ತೊಡೆಯ ಮೇಲಿದ್ದ ಗಂಟು ಬಿಚ್ಚಿ, ಪುಸ್ತಕವನ್ನು ಅವಳ ಮಗಳು ಶಿವಾನಿಯ ಕೈಗಿಟ್ಟರು. "ಓದವಾ. ಅಜ್ಜಿ ಹೆಸರು ಉಳಸು."

ಶಿವಾನಿ ಕಲಿಯುತ್ತಿದ್ದದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮನೆಯಲ್ಲಿ ಕಲಿತದ್ದು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹಾಳೆಯ ಕೊನೆ ಹತ್ತಿರ ಬಂದಂತೆ ಕುಸುಮ ಮಗಳ ಹತ್ತಿರ ಸರಿದಳು. ಶಿವಾನಿ ಹಾಳೆ ತಿರುವಿದಳು. ನಿಂತಳು. ಹಿಂದೆ ತಿರುವಿದಳು, ಮತ್ತೆ ಮುಂದೆ.

"ಮಮ್ಮೀ, ಇದು ಕೂಡಂಗಿಲ್ಲ. ಎಲ್ಲಾ ಹಾಳಿ ಹಿಂದು ಮುಂದ ಅವ."

"ಹಂಗ ಹ್ಯಾಂಗಾಗತದ?" ಎಂದಳು ಪಾರವ್ವ. "ರುದ್ರಕ್ಕ ಇದರಾಗನ ಓದತಿದ್ದಳು."

ಮೊನ್ನೆ ಬೈಂಡ್ ಮಾಡಿಸಿದಾಗ ಕೆಟ್ಟಿತು ಎಂದರೆ ಮುಗಿಯಿತು. ಆ ಸುಳ್ಳು ನಾಲಗೆಯ ತುದಿಯಲ್ಲಿತ್ತು. ಆಗ ಗೋಡೆಯ ಬದಿಗೆ ಮಗಳೊಂದಿಗೆ ಕುಳಿತಿದ್ದ ಭೋಸರಿಯ ಶಿವಕಾಂತಾ ಕಣ್ಣಿಗೆ ಬಿದ್ದಳು. ಸಿಮೆಂಟು ಹೊರುವ ಹೆಂಗಸು. ಕರಪತ್ರವನ್ನು ಮುಖದೆದುರು ಹಿಡಿದಿದ್ದಳು, ಕಣ್ಣು ಮಾತ್ರ ಒಂದೇ ಕಡೆ ನಟ್ಟಿದ್ದವು. ಯಾರಾದರೂ ನೋಡಿಯಾರೆಂಬ ಅಂಜಿಕೆಯ ಆ ಮುಖ ಕುಸುಮಳಿಗೆ ಚೆನ್ನಾಗಿ ಗೊತ್ತಿತ್ತು.

"ನಮ್ಮವ್ವಗ ಓದಾಕ ಬರತಿರಲಿಲ್ಲ," ಎಂದಳು ಕುಸುಮ. "ಬಾಯಲೇ ಹೇಳತಿದ್ದಳು. ಸಾಯೋತನಕ ಯಾರಿಗರೆ ಗೊತ್ತಾದೀತಂತ ಅಂಜಿದಳು. ಆ ಅಂಜಿಕಿ ಈ ಮಕ್ಕಳಿಗೆ ಬ್ಯಾಡಂತನ ನಾ ಇದನ್ನ ಹಚಗೊಂಡೀನಿ."

ಅವ್ವನಿಗೆ ಕೊಟ್ಟ ಮಾತು ಮುರಿದಿದ್ದಳು. ಕುಸುಮಳಿಗೆ ಅಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ.

"ನನಗ ಗೊತ್ತಿತ್ತು," ಎಂದರು ರಾಮಲಿಂಗಪ್ಪ, ಕುಳಿತಲ್ಲಿಂದಲೇ. "ಬೈಂಡ್ ಆಗಿ ಬಂದ ದಿನಾನ ತಗದು ನೋಡಿದ್ದೆ. ತಿರಗಿ ಕೊಟ್ಟು ಸರಿ ಮಾಡಸೋಣಂತಿದ್ದೆ. ಅಷ್ಟರಾಗ ಆಕಿ ಅದನ್ನ ಹಿಡಕೊಂಡು ಓದಾಕ ಕುಂತಳು. ಎಲ್ಲೂ ತಡವರಸಲಿಲ್ಲ."

"ಮತ್ಯಾಕ ಕಲಿಸಲಿಲ್ಲ, ಅಪ್ಪಾ?"

ಅಪ್ಪ ಕೆಂಪು ವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಕಲೀ ಅನ್ನಬೇಕಂದ್ರ, ನಿನಗ ಬರೂದಿಲ್ಲ ಅಂತ ಮೊದಲ ಅನ್ನಬೇಕಾಗತಿತ್ತಲ್ಲ. ಅಂಜಿದೆ."

ಒಂದೇ ಮನೆಯಲ್ಲಿ, ಒಂದೇ ಒಲೆಯ ಸುತ್ತ, ಮೂರು ಜನ, ಒಂದೇ ಅಂಜಿಕೆ. ಮುಂದಿನ ಸಾಲಿನಲ್ಲಿ ಯಾರೋ ಎದ್ದು ಚಪ್ಪಲಿ ಹುಡುಕತೊಡಗಿದರು. ಇನ್ನು ಯಾರು ಕೊಡುತ್ತಾರೋ, ಶೆಡ್ಡು ತೆರೆಯುತ್ತದೋ ಇಲ್ಲವೋ, ಹೇಳುವಂತಿರಲಿಲ್ಲ.

ಗೋಡೆಯ ಬದಿಯಿಂದ ಶಿವಕಾಂತಾ ಎದ್ದು ಬಂದಳು. ಎಲ್ಲರ ಕಣ್ಣೂ ತನ್ನ ಮೇಲಿದ್ದದ್ದಕ್ಕೆ ಮುದುಡಿಕೊಂಡು, ಬೆವರಿಗೆ ಒದ್ದೆಯಾದ ಕರಪತ್ರವನ್ನು ಕುಸುಮಳೆದುರು ಚಾಚಿದಳು.

"ಅಕ್ಕಾ, ಇದರಾಗ ಏನ ಬರದಾರ್ರಿ?"