ನೀರು ಬಿಡುವ ಚಾವಿ

ಮೂವತ್ತೆರಡು ವರ್ಷ ಕರಜಗಿಗೆ ನೀರು ಬಿಟ್ಟವನು ಮಲಕಾಜಪ್ಪ. ಮೊಳದುದ್ದದ ಕಬ್ಬಿಣದ ಚಾವಿ ಹೆಗಲಿಗೇರಿಸಿ ಹೊರಟನೆಂದರೆ ಗೌಡರ ಕಟ್ಟೆಯಿಂದಲೂ ‘ಬರ್ರಿ, ಕುಂದ್ರಿ’ ಎಂಬ ಮಾತು ಬರುತ್ತಿತ್ತು. ಯಾರೂ ಬೆರಳು ತೋರಿಸಬಾರದೆಂದು ತನ್ನ ಓಣಿಗೆ ಮಾತ್ರ ಕಟ್ಟಕಡೆಗೆ ಬಿಡುತ್ತಿದ್ದ. ಅಷ್ಟೊತ್ತಿಗೆ ಟಾಕಿ ತಳ ಕಂಡಿರುತ್ತಿತ್ತು. ಹೆಂಡತಿ ಸಂಗವ್ವ ಆ ರಾಡಿ ನೀರನ್ನು ಸೋಸಿ ಸೋಸಿಯೇ ಮುದುಕಿಯಾದಳು.

ಇವತ್ತು ಅವನ ಕೆಲಸದ ಕೊನೆಯ ದಿನ. ಮಧ್ಯಾಹ್ನ ಅವನ ಜಾಗಕ್ಕೆ ನೇಮಕವಾದ ದಾಕ್ಷಾಯಣಿ ಎಂಬ ಹೊಸ ಹುಡುಗಿ ಬಂದು ಚಾವಿ ಒಯ್ಯಬೇಕು. ಅದು ಹೋದ ಮೇಲೆ ತನ್ನನ್ನು ಯಾರು ಕುಂದ್ರಿ ಅಂದಾರು? ಕೊಡಲು ಮನಸ್ಸು ಬರಲಿಲ್ಲ. ಚಾವಿಯನ್ನು ಜೋಳದ ಚೀಲಗಳ ಸಂದಿಯಲ್ಲಿ ತುರುಕಿ, ಕಳೆದುಹೋಯಿತೆಂದರಾಯಿತು ಎಂದುಕೊಂಡು ಬೇವಿನ ನೆರಳಲ್ಲಿ ಹೊರಸು ಹಾಕಿ ಮಲಗಿದ.

ಬಿಸಿಲಿನ ಜೊಂಪು ಹತ್ತಿತು. ಜಗತ್ತಿನಲ್ಲಿ ಎಲ್ಲವೂ ಎಲ್ಲವನ್ನೂ ದೂಡುತ್ತಿರುವಂತೆ ಕಂಡಿತು. ಬೇವಿನ ಬೇರು ಗೋಡೆಯನ್ನು ದೂಡುತ್ತಿತ್ತು. ಹುಂಜ ಇನ್ನೊಂದು ಹುಂಜವನ್ನು ತಿಪ್ಪೆಯಿಂದ ಇಳಿಸುತ್ತಿತ್ತು. ತೊಟ್ಟಿಲ ಕೂಸು ಅತ್ತು ಅತ್ತು ಮನೆಮಂದಿಯನ್ನೆಲ್ಲ ಕುಣಿಸುತ್ತಿತ್ತು. ಹೊಟ್ಟೆಗಾಗಿ ಅಲ್ಲ, ಮೇಲುಗೈಗಾಗಿಯೇ ಈ ಜೀವ ಬಡಿದಾಡುತ್ತದೆ ಅನ್ನಿಸಿತು ಅವನಿಗೆ. ಕನಸಿನಲ್ಲೇ ಚಾವಿ ತಿರುವಿದ. ನಲ್ಲಿಗಳಿಂದ ಮನುಷ್ಯರೇ ಹರಿದು ಬಂದರು, ಎಲ್ಲರೂ ಕೈಮುಗಿದುಕೊಂಡು. ಎಂಥ ಸುಖ! ಆದರೆ ಅವರಲ್ಲಿ ಸಂಗವ್ವ ಇರಲಿಲ್ಲ. ಹುಡುಕಿದ, ಕೂಗಿದ. ನೀರಿನ ಸಪ್ಪಳವಷ್ಟೇ ಕೇಳಿಸಿತು.

ಕಣ್ಣು ಬಿಟ್ಟರೂ ಸಪ್ಪಳ ನಿಲ್ಲಲಿಲ್ಲ. ಅಂಗಳದ ಮುಂದಿನ ಓಣಿಯ ನಲ್ಲಿಯಲ್ಲಿ ತಿಳಿನೀರು ಧೋ ಎನ್ನುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಸಂಗವ್ವ ಕುಳಿತಿದ್ದಳು.

“ಚಾವಿ?” ಎಂದ ಗಾಬರಿಯಿಂದ.

“ಊರ ನೀರು ನಿಮ್ಮ ಕೈಯಾಗ ಇತ್ತು. ಮನಿಯೊಳಗ ಏನು ಎಲ್ಲೈತಿ ಅನ್ನೂದು ನನ್ನ ಕೈಯಾಗ ಐತ್ರಿ. ಆ ಹುಡುಗಿಗೆ ಕೊಟ್ಟು ಕಳಿಸಿದೆ, ಮೊದಲ ನಮ್ಮ ಓಣಿಗೆ ಬಿಡವ್ವಾ ಅಂತ ಹೇಳಿ.” ಅಷ್ಟು ಹೇಳಿ ಕೊಡ ಹಿಡಿದು ನಿಂತವರ ಕಡೆ ತಿರುಗಿದಳು. “ಕಾಸೀಂಬಿ, ನಿಂದು ಇಡು. ಸಾತಪ್ಪ, ನೀ ತಡಿ.”

ಮಲಕಾಜಪ್ಪನಿಗೆ ಗಂಟಲು ಒಣಗಿತ್ತು. ತಂಬಿಗೆ ತಂದು ನಲ್ಲಿಗೆ ಕೈಚಾಚಿದ.

“ಪಾಳಿ ಐತ್ರಿ. ಹಿಂದ ನಿಂದ್ರಿ,” ಎಂದಳು ಸಂಗವ್ವ, ತಲೆ ಎತ್ತದೆ.

ಸಾಲಿನವರು ನಕ್ಕರು. ಅವನು ಹಿಂದೆ ಹೋಗಿ ನಿಂತ. ಅವಳ ಮುಖದಲ್ಲಿ ತನ್ನದೇ ಮೂವತ್ತೆರಡು ವರ್ಷದ ಸುಖ ಕಂಡು ಹೊಟ್ಟೆ ಉರಿಯಿತು. ಆಮೇಲೆ ನಾಚಿಕೆಯಾಯಿತು.

ಅವನ ಪಾಳಿ ಬರುವಷ್ಟರಲ್ಲಿ ದಾಕ್ಷಾಯಣಿ ನೀರನ್ನು ಮುಂದಿನ ಓಣಿಗೆ ತಿರುಗಿಸಿದ್ದಳು; ನಲ್ಲಿ ಸಣ್ಣಗಾಗಿ ರಾಡಿ ಬರುತ್ತಿತ್ತು. ಸಂಗವ್ವ ಸೆರಗನ್ನು ತಂಬಿಗೆಯ ಬಾಯಿಗೆ ಹಿಡಿದು, ಸೋಸಿ ಕೊಟ್ಟಳು. ಅವನು ಕುಡಿದ.